ಗಾಡಿ ತಪ್ಪಿದರೆ ಮುಂದಿನದು ಎಷ್ಟಕ್ಕೆ?

ಬೆಳಗಾವಿಯ ನನ್ನ ಕಚೇರಿಗೆ ಯುರೋಪಿನ ರೈಲು ಪ್ರವಾಸದ ಯೋಜನೆ ಹಾಕಿಸಲು ಬರುವವರಲ್ಲಿ ಒಂದು ಬಗೆಯವರನ್ನು ನಾನು ಈಗ ದೂರದಿಂದಲೇ ಗುರುತಿಸಬಲ್ಲೆ. ಮಗನೋ ಮಗಳೋ ಜರ್ಮನಿಯಲ್ಲಿ ನೌಕರಿಯಲ್ಲಿರುತ್ತಾರೆ. ಅಲ್ಲಿಗೆ ಹೋಗುವ ತಂದೆತಾಯಿ ಕೆಲವು ದಿನ ಮಕ್ಕಳ ಮನೆಯಲ್ಲಿದ್ದು, ಮಕ್ಕಳಿಗೆ ರಜೆ ಸಿಗದ ಕಾರಣ ತಾವಿಬ್ಬರೇ ಸ್ವಿಟ್ಜರ್ಲೆಂಡ್ ನೋಡಿ ಬರಬೇಕೆಂದಿರುತ್ತಾರೆ. ಇವರಿಗೆ ನಾನು ಕೇಳುವ ಮೊದಲ ಪ್ರಶ್ನೆ, ಇಬ್ಬರಲ್ಲಿ ಗಾಡಿ ಬದಲಿಸುವಾಗ ಗಾಬರಿಯಾಗುವವರು ಯಾರು ಎಂಬುದು. ಯಜಮಾನರು ಪತ್ನಿಯತ್ತ ಕೈ ತೋರಿಸುತ್ತಾರೆ. ಪತ್ನಿ ಮರುಮಾತಾಡದೆ ಯಜಮಾನರನ್ನೇ ದಿಟ್ಟಿಸಿ ನೋಡುವ ಸಂದರ್ಭಗಳೂ ಕಡಿಮೆಯಿಲ್ಲ.

ಈ ಗಾಬರಿಯನ್ನು ಅಜ್ಞಾನವೆಂದು ತಳ್ಳಿಹಾಕಲು ನಾನು ಒಪ್ಪುವುದಿಲ್ಲ. ನಮ್ಮ ಭಾಗದಲ್ಲಿ ಗಾಡಿ ತಪ್ಪುವುದೆಂದರೆ ನಿಜವಾಗಿಯೂ ನಷ್ಟ. ಬಾಗಲಕೋಟೆಯಿಂದಲೋ ವಿಜಯಪುರದಿಂದಲೋ ಬೆಂಗಳೂರಿಗೆ ಹೊರಡುವ ಗಾಡಿಗಳು ಬೆರಳೆಣಿಕೆಯಷ್ಟು. ರಾತ್ರಿಯ ಗಾಡಿ ಹೋಯಿತೆಂದರೆ ಕಾಯ್ದಿರಿಸಿದ ಬರ್ತ್ ಕೂಡ ಅದರೊಂದಿಗೇ ಹೋಯಿತು, ಮರುದಿನದ್ದನ್ನು ಕೇಳಿದರೆ ವೇಟಿಂಗ್ ಲಿಸ್ಟ್. ಹೀಗಾಗಿಯೇ ಒಂದು ತಾಸು ಮೊದಲು ಹೋಗಿ ಪ್ಲಾಟ್‌ಫಾರ್ಮ್ ಮೇಲೆ ಕೂಡುವ ರೂಢಿ ನಮ್ಮವರಲ್ಲಿ ಬೆಳೆದಿದೆ, ಇಲ್ಲಿಗೆ ಅದು ತಕ್ಕ ಬುದ್ಧಿಯೇ. ಆದರೆ ಜರ್ಮನಿಯ ಫ್ರಾಂಕ್‌ಫರ್ಟ್‌ನಿಂದ ಸ್ವಿಟ್ಜರ್ಲೆಂಡಿನ ಗಡಿಯೂರು ಬಾಸೆಲ್ ಕಡೆಗೆ ಹೆಚ್ಚುಕಡಿಮೆ ತಾಸಿಗೊಂದು ವೇಗದ ಗಾಡಿ ಇರುತ್ತದೆ ಎಂಬುದು ನಾವು ಹೇಳದ ಹೊರತು ಅವರಿಗೆ ತಿಳಿಯುವುದಾದರೂ ಹೇಗೆ? “ಹೆದರಬ್ಯಾಡ, ಏನೂ ಆಗೂದಿಲ್ಲ” ಎಂಬ ಸಮಾಧಾನದಿಂದ ಯಾರ ಎದೆಬಡಿತವೂ ಇಳಿದದ್ದನ್ನು ನಾನು ನೋಡಿಲ್ಲ. ಅವರು ಕೇಳುತ್ತಿರುವುದು “ತಪ್ಪಿತಂದ್ರ ಮುಂದ ಏನ್ರೀ?” ಎಂದು. ಅದಕ್ಕೆ ಉತ್ತರ, ಮುಂದಿನ ಗಾಡಿ ಇಷ್ಟು ಗಂಟೆಗೆ, ಇದೇ ಟಿಕೆಟ್ಟಿನ ಮೇಲೆ ಹೋಗಬಹುದು ಅಥವಾ ಹೋಗಲಾಗದು ಎಂಬ ಖಚಿತ ಮಾಹಿತಿ. ಯೋಜನೆ ಹಾಕುವವರ ಕೆಲಸವೆಲ್ಲ ಆ ಉತ್ತರವನ್ನು ಮೊದಲೇ ಸಿದ್ಧಮಾಡಿ ಕೊಡುವುದರಲ್ಲಿದೆ.

ಸ್ವಿಟ್ಜರ್ಲೆಂಡಿನಲ್ಲಿ ಈ ಉತ್ತರ ಸುಲಭ. ಅಲ್ಲಿ 1982ರಿಂದ ಗಾಡಿಗಳು ಪ್ರತಿ ತಾಸಿಗೂ ಅದೇ ನಿಮಿಷಕ್ಕೆ ಹೊರಡುವ ವೇಳಾಪಟ್ಟಿ ಜಾರಿಯಲ್ಲಿದೆ. 2004ರ ಡಿಸೆಂಬರ್‌ನಲ್ಲಿ ಹೊಸ ಮಾರ್ಗಗಳು ತೆರೆದು ಝೂರಿಕ್-ಬರ್ನ್ ಪ್ರಯಾಣ 56 ನಿಮಿಷಕ್ಕೆ ಇಳಿಯಿತು. ಒಂದು ತಾಸಿಗಿಂತ ತುಸು ಕಡಿಮೆ ಎಂಬುದು ಆಕಸ್ಮಿಕವಲ್ಲ: ದೊಡ್ಡ ನಿಲ್ದಾಣಗಳಿಗೆ ನಾಲ್ಕೂ ದಿಕ್ಕಿನ ಗಾಡಿಗಳು ಗಂಟೆಗೆ ಅಥವಾ ಅರ್ಧಗಂಟೆಗೆ ಸ್ವಲ್ಪ ಮೊದಲು ಬಂದು ಸೇರಬೇಕು, ಜನ ಗಾಡಿ ಬದಲಿಸಬೇಕು, ಆಮೇಲೆ ಎಲ್ಲವೂ ಹೊರಡಬೇಕು ಎಂದೇ ಆ ಲೆಕ್ಕ ಹಾಕಿದ್ದಾರೆ. ಆದ್ದರಿಂದ ಝೂರಿಕ್‌ನಿಂದ ಇಂಟರ್‌ಲಾಕೆನ್‌ಗೆ ಹೋಗುವಾಗ ಬರ್ನ್‌ನಲ್ಲಿ ಕೆಲವೇ ನಿಮಿಷಗಳ ಅವಧಿ ಕಂಡರೆ ಅದನ್ನು ನಂಬಬಹುದು. ಆದರೂ ಗಾಬರಿಯವರು ಜೊತೆಗಿದ್ದರೆ ಆ ಗಾಡಿಯನ್ನು ಬಿಟ್ಟು ಅದರ ಮುಂದಿನದನ್ನೇ “ನಮ್ಮ ಗಾಡಿ” ಎಂದು ನಾನು ಬರೆದುಕೊಡುತ್ತೇನೆ. ಮೊದಲಿನದು ಸಿಕ್ಕರೆ ಲಾಭ. ಸ್ವಿಸ್ ಟ್ರಾವೆಲ್ ಪಾಸ್ (ಗೊತ್ತುಮಾಡಿದಷ್ಟು ದಿನ ಆ ದೇಶದಲ್ಲೆಲ್ಲ ಓಡಾಡಲು ಪ್ರವಾಸಿಗರು ಕೊಳ್ಳುವ ಪಾಸ್) ಇದ್ದವರಿಗೆ ಸಾಮಾನ್ಯ ಗಾಡಿಗಳಲ್ಲಿ ಇಂಥದೇ ಗಾಡಿ ಎಂಬ ಕಟ್ಟು ಇಲ್ಲ. ಗ್ಲೇಸಿಯರ್ ಎಕ್ಸ್‌ಪ್ರೆಸ್, ಬರ್ನಿನಾ ಎಕ್ಸ್‌ಪ್ರೆಸ್‌ನಂಥ ಪ್ರವಾಸಿ ಗಾಡಿಗಳಿಗೆ ಮಾತ್ರ ಆಸನ ಕಾಯ್ದಿರಿಸಬೇಕು, ಅವುಗಳಿಗೆ ಧಾರಾಳ ಸಮಯ ಬಿಟ್ಟುಕೊಳ್ಳಬೇಕು.

ಜರ್ಮನಿಯಲ್ಲಿ ಹಾಗಲ್ಲ. ಅಲ್ಲಿಯ ದೂರದ ಗಾಡಿಗಳಲ್ಲಿ 2024ರಲ್ಲಿ ಸಮಯ ಪಾಲಿಸಿದ್ದು ಶೇ. 62.5ರಷ್ಟು ಮಾತ್ರ, ಅದೂ ಆರು ನಿಮಿಷದೊಳಗಿನ ತಡವನ್ನು ಸಮಯಕ್ಕೆ ಬಂದಂತೆಯೇ ಲೆಕ್ಕ ಹಿಡಿದ ಮೇಲೆ. ಜರ್ಮನ್ ಗಾಡಿಯೆಂದರೆ ಗಡಿಯಾರವೆಂದು ನಂಬಿ ಹೋದವರಿಗೆ ಇದು ದೊಡ್ಡ ಆಶಾಭಂಗ. ಬುಕಿಂಗ್ ಆ್ಯಪ್ ಎಂಟು ಹತ್ತು ನಿಮಿಷದ ಬದಲಾವಣೆಯನ್ನು ಸಲೀಸಾಗಿ ತೋರಿಸುತ್ತದೆ. ನಾನು ಅಲ್ಲಿ ನಲವತ್ತು ನಿಮಿಷಕ್ಕಿಂತ ಕಡಿಮೆ ಇಡುವುದಿಲ್ಲ, ದಿನದ ಕೊನೆಯ ಗಾಡಿಯನ್ನು ಬದಲಾವಣೆಯ ಗಾಡಿಯಾಗಿ ಎಂದೂ ಕೊಡುವುದಿಲ್ಲ. ಇದಕ್ಕಿಂತ ಮುಖ್ಯವಾದದ್ದು, ಇಡೀ ಪ್ರಯಾಣ ಒಂದೇ ಟಿಕೆಟ್ಟಿನಲ್ಲಿರಬೇಕೆಂಬುದು. ಅಗ್ಗದ ಟಿಕೆಟ್ಟಿಗೆ ನಿಗದಿತ ಗಾಡಿಯ ಕಟ್ಟು ಇರುತ್ತದೆ, ನಿಜ. ಆದರೆ ರೈಲ್ವೆಯ ಕಾರಣದಿಂದ ತಲುಪುವ ಊರಿಗೆ 20 ನಿಮಿಷ ಅಥವಾ ಹೆಚ್ಚು ತಡವಾಗುವಂತಿದ್ದರೆ ಆ ಕಟ್ಟು ಸಡಿಲವಾಗಿ ಬೇರೆ ಗಾಡಿ ಹತ್ತಬಹುದು. ನಾಲ್ಕು ಯೂರೋ ಉಳಿಸಲು ತುಂಡು ತುಂಡಾಗಿ ಟಿಕೆಟ್ ಕೊಂಡವರಿಗೆ ಈ ರಕ್ಷಣೆ ಇಲ್ಲವಾಗುತ್ತದೆ. ವಿಮಾನ ಇಳಿದ ದಿನದ ಗಾಡಿಗಂತೂ ಯಾವ ಗಾಡಿಯಲ್ಲಾದರೂ ಹೋಗಬಹುದಾದ ಟಿಕೆಟ್ಟೇ ಲೇಸು, ಏಕೆಂದರೆ ವಿಮಾನ ತಡವಾದದ್ದಕ್ಕೂ ಇಮಿಗ್ರೇಷನ್ ಸಾಲಿಗೂ ರೈಲ್ವೆಯವರು ಹೊಣೆಯಲ್ಲ.

ಪ್ರತಿ ಬದಲಾವಣೆಗೂ ಒಂದು ಚೀಟಿಯನ್ನು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆದು ಕೊಡುತ್ತೇನೆ: ಎಲ್ಲಿ, ಎಷ್ಟಕ್ಕೆ ಇಳಿಯುವುದು, ಎಷ್ಟಕ್ಕೆ, ಯಾವ ಕೊನೆಯ ಊರಿನ ಬೋರ್ಡಿರುವ ಗಾಡಿ ಹತ್ತುವುದು, ತಪ್ಪಿದರೆ ಅದರ ನಂತರದ ಎರಡು ಗಾಡಿಗಳು ಯಾವುವು. ಈ ಚೀಟಿ ಗಾಬರಿಯವರ ಕೈಯಲ್ಲಿರಬೇಕು. ಆ್ಯಪ್ ಮಾತ್ರ ಇನ್ನೊಬ್ಬರ ಮೊಬೈಲಿನಲ್ಲಿರಲಿ. ಗಾಬರಿಯವರಿಗೆ ಆ್ಯಪ್ ಕೊಟ್ಟರೆ ಧೈರ್ಯ ಬರುತ್ತದೆಂಬುದು ಅನೇಕ ಮಕ್ಕಳ ನಂಬಿಕೆ. ನನ್ನ ಅನುಭವ ಅದಕ್ಕೆ ವಿರುದ್ಧ. ಮೂರು ನಿಮಿಷ ತಡ, ಏಳು ನಿಮಿಷ ತಡ, ಮತ್ತೆ ನಾಲ್ಕು ಎಂದು ಅಂಕಿ ಬದಲಾದಂತೆಲ್ಲ ಅವರ ಮುಖದ ಬಣ್ಣವೂ ಬದಲಾಗುತ್ತದೆ, ಕಿಟಕಿಯಾಚೆಯ ರೈನ್ ನದಿ ಅವರ ಕಣ್ಣಿಗೆ ಬೀಳುವುದೇ ಇಲ್ಲ.

ಮಾತಾಡಿಸುತ್ತಾ ಹೋದರೆ ಕೆಲವು ತಾಯಂದಿರು ಬೇರೆಯದೇ ಭಯವನ್ನು ಬಾಯಿಬಿಡುತ್ತಾರೆ. ಗಾಡಿ ತಪ್ಪುವುದಕ್ಕಿಂತಲೂ, ಒಬ್ಬರು ಒಳಗೆ ಹತ್ತಿ ಇನ್ನೊಬ್ಬರು ಕೆಳಗೇ ಉಳಿದು ಬಾಗಿಲು ಮುಚ್ಚಿಬಿಟ್ಟರೆ, ಭಾಷೆ ಬಾರದ ಊರಿನಲ್ಲಿ ತಾನೊಬ್ಬಳೇ ಏನು ಮಾಡಬೇಕೆಂಬ ಭಯ ಅದು. ಇದು ಹುಸಿ ಭಯವೂ ಅಲ್ಲ. ಅಲ್ಲಿ ಬಾಗಿಲುಗಳು ತಾವೇ ಮುಚ್ಚಿಕೊಳ್ಳುತ್ತವೆ, ಫ್ರಾನ್ಸಿನ ಟಿಜಿವಿ ಎಂಬ ಅತಿವೇಗದ ಗಾಡಿಗಳಲ್ಲಿ ಹೊರಡುವ ಎರಡು ನಿಮಿಷ ಮೊದಲೇ. ಸರಪಳಿ ಎಳೆಯುವ ಮಾತಂತೂ ಆಡಲೇಬಾರದು. ಆದ್ದರಿಂದ ಊರು ಬಿಡುವ ಮುಂಚೆಯೇ ದಂಪತಿಗಳು ಒಂದು ಕರಾರು ಮಾಡಿಕೊಳ್ಳಬೇಕು: ಕೆಳಗುಳಿದವರು ನಿಂತ ಜಾಗ ಬಿಟ್ಟು ಕದಲಬಾರದು, ಒಳಗಿರುವವರು ಮುಂದಿನ ನಿಲ್ದಾಣದಲ್ಲಿ ಇಳಿದು ಹಿಂದಿರುಗಬೇಕು. ಇದರ ತಿರುವುಮುರುವೂ ನಡೆದೀತು, ಇಬ್ಬರೂ ಏಕಕಾಲಕ್ಕೆ ಹುಡುಕಲು ಹೊರಡುವುದು ಮಾತ್ರ ಕೂಡದು. ಇಬ್ಬರ ಬಳಿಯೂ ಅವರವರ ಪಾಸ್‌ಪೋರ್ಟ್, ಅಲ್ಲಿ ನಡೆಯುವ ಸಿಮ್, ಅವರವರ ಹೆಸರಿನ ಟಿಕೆಟ್, ಒಂದಿಷ್ಟು ಯೂರೋ ಇರಲೇಬೇಕು. ಎಲ್ಲವನ್ನೂ ಯಜಮಾನರ ಸೊಂಟದ ಚೀಲದಲ್ಲೇ ಇಡುವ ನಮ್ಮ ಪದ್ಧತಿ ಈ ಭಯವನ್ನು ಹೆಚ್ಚಿಸುತ್ತದೆ. ಇನ್ನು, ಪ್ರವಾಸದ ಯೋಚನೆಗೇ ನಿದ್ದೆ ಕೆಡುವವರು, ಉಸಿರು ಕಟ್ಟಿದಂತಾಗುವವರು ಹೊರಡುವ ಮೊದಲು ವೈದ್ಯರನ್ನು ಕಾಣಬೇಕು. ಅದು ನನ್ನ ಕೆಲಸದ ವ್ಯಾಪ್ತಿಯಲ್ಲ.

ಲಗೇಜಿನ ವಿಷಯ. ಮಕ್ಕಳಿಗೆಂದು ಒಯ್ಯುವ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಶೇಂಗಾ ಹೋಳಿಗೆಯ ಭಾರವೆಲ್ಲ ವಿಮಾನ ನಿಲ್ದಾಣದಿಂದ ಮಕ್ಕಳ ಊರಿನವರೆಗಿನದು. ಆ ಒಂದು ಪ್ರಯಾಣದಲ್ಲಿ ಗಾಡಿ ಬದಲಿಸುವುದೇ ಇರಬಾರದು. ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದಲ್ಲಿಯೇ ದೂರದ ಗಾಡಿಗಳ ನಿಲ್ದಾಣವಿರುವುದರಿಂದ ಅನೇಕ ಊರುಗಳಿಗೆ ಇದು ಸಾಧ್ಯ. ಅಲ್ಲಿಂದ ಮುಂದಿನ ತಿರುಗಾಟಕ್ಕೆ ಒಬ್ಬೊಬ್ಬರಿಗೆ ಒಂದೇ ಚೀಲ, ಅದೂ ಅವರೇ ಎತ್ತಿ ಮೂರು ಮೆಟ್ಟಿಲು ಹತ್ತಬಲ್ಲಷ್ಟು. ಹುಬ್ಬಳ್ಳಿಯ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಮೇಲೆ ಡಬ್ಬಿ ಹುಡುಕಿಕೊಂಡು ಓಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಜರ್ಮನಿ, ಸ್ವಿಟ್ಜರ್ಲೆಂಡಿನ ಪ್ಲಾಟ್‌ಫಾರ್ಮ್‌ಗಳನ್ನು ಎ, ಬಿ, ಸಿ ಎಂದು ಭಾಗಮಾಡಿರುತ್ತಾರೆ. ತಮ್ಮ ಡಬ್ಬಿ ಯಾವ ಭಾಗದಲ್ಲಿ ನಿಲ್ಲುತ್ತದೆಂದು ನೋಡಿ ಅಲ್ಲಿಯೇ ನಿಂತರೆ ಓಡುವ ಪ್ರಸಂಗ ಬರುವುದಿಲ್ಲ.

ಕೆಲವು ಸಂಗತಿಗಳನ್ನು ಮೊದಲೇ ತಿಳಿಸಿದರೆ ಸಾಕು, ಗಾಬರಿ ಹುಟ್ಟುವುದೇ ಇಲ್ಲ. ಫ್ರಾಂಕ್‌ಫರ್ಟ್, ಮಿಲಾನ್‌ನಂಥ ದೊಡ್ಡ ನಿಲ್ದಾಣಗಳಲ್ಲಿ ಹಳಿಗಳು ಅಲ್ಲಿಗೇ ಮುಗಿಯುತ್ತವೆ. ಗಾಡಿ ಬಂದ ದಿಕ್ಕಿಗೇ ಮತ್ತೆ ಹೊರಟಾಗ “ಹಿಂದಕ್ಕ ಹೊಂಟೀವಲ್ರೀ” ಎಂದು ಎದ್ದು ನಿಲ್ಲುವವರಿದ್ದಾರೆ. ಸ್ವಿಟ್ಜರ್ಲೆಂಡಿನ ಯುಂಗ್‌ಫ್ರಾವ್ ಹಿಮಶಿಖರ ನೋಡಲು ಇಂಟರ್‌ಲಾಕೆನ್ ಓಸ್ಟ್‌ನಿಂದ ಹತ್ತುವ ಗಾಡಿ ಝ್ವೈಲ್ಯೂಚಿನೆನ್‌ನಲ್ಲಿ ಎರಡು ತುಂಡಾಗುತ್ತದೆ: ಒಂದು ಗ್ರಿಂಡೆಲ್‌ವಾಲ್ಡ್ ಕಡೆಗೆ, ಇನ್ನೊಂದು ಲೌಟರ್‌ಬ್ರುನ್ನೆನ್ ಕಡೆಗೆ. ಹತ್ತುವಾಗಲೇ ಡಬ್ಬಿಯ ಮೇಲಿನ ಹೆಸರು ಓದಬೇಕು. ಪ್ಯಾರಿಸ್ಸಿನಲ್ಲಿ ಬದಲಾವಣೆಯೆಂದರೆ ನಿಲ್ದಾಣವೇ ಬದಲಾಗಬಹುದು. ಗಾರ್ ದು ನಾರ್‌ನಿಂದ ಗಾರ್ ದ ಲಿಯೋನ್‌ಗೆ ಆರ್‌ಇಆರ್ ಡಿ ಎಂಬ ಉಪನಗರ ರೈಲು ಮಾರ್ಗದಲ್ಲಿ ಎರಡೇ ನಿಲ್ದಾಣವಾದರೂ ಎರಡು ತಾಸು ಬಿಡುವುದು ಒಳ್ಳೆಯದು, ಸಾಧ್ಯವಾದರೆ ಅಲ್ಲೊಂದು ರಾತ್ರಿ ಉಳಿಯುವುದು ಇನ್ನೂ ಒಳ್ಳೆಯದು.

ಹೊರಡುವ ಮುಂಚೆ ಒಂದು ತಾಲೀಮು ಮಾಡಿಕೊಳ್ಳಿ ಎಂದೂ ಹೇಳುತ್ತೇನೆ. 2025ರ ಆಗಸ್ಟ್‌ನಿಂದ ಬೆಳಗಾವಿ-ಬೆಂಗಳೂರು ವಂದೇ ಭಾರತ್ ಓಡುತ್ತಿದೆ. ತಾನೇ ಮುಚ್ಚಿಕೊಳ್ಳುವ ಬಾಗಿಲು, ಅಲ್ಪಕಾಲದ ನಿಲುಗಡೆ, ನಿಲ್ದಾಣ ಬರುವ ಮೊದಲೇ ಚೀಲ ಹಿಡಿದು ಬಾಗಿಲ ಬಳಿ ನಿಲ್ಲುವುದು ಎಲ್ಲವನ್ನೂ ಧಾರವಾಡದವರೆಗಿನ ಒಂದು ಪ್ರಯಾಣ ಕಲಿಸಿಬಿಡುತ್ತದೆ.

ಇಷ್ಟೆಲ್ಲ ಆದಮೇಲೂ ಗಾಡಿ ತಪ್ಪಬಹುದು. ಆಗ ಇಬ್ಬರೂ ಸೇರಿ ಮಾಹಿತಿ ಕೌಂಟರಿಗೆ ಓಡುವ ಅಗತ್ಯವಿಲ್ಲ. ಗಾಬರಿಯವರು ಲಗೇಜಿನೊಂದಿಗೆ ಕೌಂಟರ್ ಕಾಣುವ ಜಾಗದಲ್ಲಿ ಕುಳಿತು ಚೀಟಿಯ ಕೊನೆಯ ಸಾಲನ್ನು ಓದಿ ಹೇಳಲಿ, ಇನ್ನೊಬ್ಬರು ಟಿಕೆಟ್ ತೋರಿಸಿ ವಿಚಾರಿಸಲಿ. ಯುರೋಪಿಯನ್ ಒಕ್ಕೂಟದ ದೇಶಗಳಲ್ಲಿ 2023ರ ಜೂನ್‌ನಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ತಲುಪುವ ಊರಿಗೆ ಒಂದು ತಾಸು ತಡವಾದರೆ ಟಿಕೆಟ್ ದರದ ಶೇ. 25, ಎರಡು ತಾಸು ಮೀರಿದರೆ ಶೇ. 50 ಪರಿಹಾರ ಕೇಳಬಹುದು, ಪ್ರಕೃತಿ ವಿಕೋಪದಂಥ ಕೆಲವು ಕಾರಣಗಳನ್ನು ಬಿಟ್ಟು; ರಾತ್ರಿ ಅಲ್ಲಿಯೇ ಉಳಿಯುವ ಪ್ರಸಂಗ ಬಂದರೆ ವಸತಿಯ ವ್ಯವಸ್ಥೆಯನ್ನೂ ಕೇಳಬಹುದು. ಪರಿಹಾರದ ಅರ್ಜಿಗೆ ಮೂರು ತಿಂಗಳ ಅವಧಿ ಇರುವುದರಿಂದ ಅದನ್ನು ಊರಿಗೆ ಮರಳಿದ ಮೇಲೂ ತುಂಬಬಹುದು, ಟಿಕೆಟ್ಟನ್ನು ಮಾತ್ರ ಜೋಪಾನವಾಗಿ ಇಟ್ಟುಕೊಂಡಿರಬೇಕು.