ಕಾಲೇಜ್ ಟೌನ್: ಮಿಸಿಸಿಪ್ಪಿಯ ಆಕ್ಸ್‌ಫರ್ಡ್ ಮತ್ತು ಅದರ ವಿಶ್ವವಿದ್ಯಾಲಯ

ಕಾಲೇಜು ಇರುವ ಊರೆಲ್ಲ ಕಾಲೇಜ್ ಟೌನ್ ಅಲ್ಲ. ಬೆಂಗಳೂರಿನಲ್ಲಿ ಗಲ್ಲಿಗೊಂದು ಕಾಲೇಜಿದೆ. ಅವೆಲ್ಲ ಒಟ್ಟಿಗೆ ರಜೆ ಕೊಟ್ಟರೂ ಊರು ತನ್ನ ಪಾಡಿಗೆ ನಡೆಯುತ್ತದೆ. ಕಾಲೇಜ್ ಟೌನ್‌ನಲ್ಲಿ ಹಾಗಾಗುವುದಿಲ್ಲ. ಅಲ್ಲಿ ಹೆಚ್ಚು ಜನಕ್ಕೆ ಸಂಬಳ ಕೊಡುವುದೇ ವಿಶ್ವವಿದ್ಯಾಲಯ. ಪರೀಕ್ಷೆ ಮುಗಿದರೆ ಹೋಟೆಲುಗಳು ಬಿಕೋ ಅನ್ನುತ್ತವೆ, ಸೆಮಿಸ್ಟರ್ ಶುರುವಾದರೆ ಬಾಡಿಗೆ ಮನೆಗೆ ಪರದಾಟ. ನಮ್ಮಲ್ಲಿ ಮಣಿಪಾಲಕ್ಕೆ ಈ ಹೆಸರು ಒಪ್ಪುತ್ತದೆ. ಧಾರವಾಡಕ್ಕೆ ಅಷ್ಟಾಗಿ ಇಲ್ಲ, ಅದಕ್ಕೆ ಕಚೇರಿ, ಕೋರ್ಟು, ವ್ಯಾಪಾರ ಬೇರೆ ಇದೆ.

ಈ ಮಾತು ಹುಟ್ಟಿದ್ದು, ಬೆಳೆದದ್ದು ಅಮೆರಿಕದಲ್ಲಿ. ಅಲ್ಲಿನ ದಕ್ಷಿಣದ ರಾಜ್ಯಗಳಲ್ಲೂ ಇಂಥ ಊರುಗಳಿವೆ. ಪಟ್ಟಣದ ಜೂಜು, ಕುಡಿತದಿಂದ ಹುಡುಗರು ದೂರ ಇರಬೇಕು ಎಂದು ಹತ್ತೊಂಬತ್ತನೇ ಶತಮಾನದವರು ವಿಶ್ವವಿದ್ಯಾಲಯಗಳನ್ನು ಬೇಕಂತಲೇ ಒಳನಾಡಿನಲ್ಲಿ ಕಟ್ಟಿದರು. ಹುಡುಗರು ಅಲ್ಲೂ ಕುಡಿದರು, ಆ ಮಾತು ಬೇರೆ. ಹೆಸರಿಡುವಾಗ ಮಾತ್ರ ಯಾರೂ ಸಂಕೋಚ ಪಡಲಿಲ್ಲ. ಜಾರ್ಜಿಯಾದವರು ತಮ್ಮ ಕಾಡಿನ ನಡುವಿನ ಜಾಗಕ್ಕೆ ಅಥೆನ್ಸ್ ಅಂದರು. ಮಿಸಿಸಿಪ್ಪಿಯವರು ಆಕ್ಸ್‌ಫರ್ಡ್ ಅಂದರು.

ಈ ಆಕ್ಸ್‌ಫರ್ಡ್ ಅನ್ನೇ ಸ್ವಲ್ಪ ಬಿಡಿಸಿ ನೋಡೋಣ. ಆ ನೆಲ ಚಿಕಸಾ ಎಂಬ ಮೂಲನಿವಾಸಿ ಜನರದ್ದು. 1832ರ ಒಪ್ಪಂದದಲ್ಲಿ ಅವರು ಅದನ್ನು ಬಿಟ್ಟುಕೊಡಬೇಕಾಯಿತು. 1836ರಲ್ಲಿ ಹೋಕಾ ಎಂಬ ಚಿಕಸಾ ಹೆಂಗಸಿನಿಂದ ಮೂವರು ವಲಸಿಗರು ಜಾಗ ಕೊಂಡರು. ಮೂವರ ಹೆಸರೂ ಜಾನ್. ಮರುವರ್ಷವೇ ಊರಿಗೆ ಆಕ್ಸ್‌ಫರ್ಡ್ ಎಂದು ಹೆಸರಿಟ್ಟರು. ರಾಜ್ಯ ಮುಂದೆಂದಾದರೂ ವಿಶ್ವವಿದ್ಯಾಲಯ ಕಟ್ಟಿದರೆ ಅದು ತಮ್ಮ ಊರಿಗೇ ಬರಲಿ ಅನ್ನುವ ಆಸೆ! 1841ರಲ್ಲಿ ಶಾಸನಸಭೆ ಆಕ್ಸ್‌ಫರ್ಡನ್ನೇ ಆರಿಸಿತು, ಅದೂ ಒಂದೇ ಒಂದು ಮತದ ಅಂತರದಲ್ಲಿ. 1848ರ ನವೆಂಬರ್‌ನಲ್ಲಿ 80 ವಿದ್ಯಾರ್ಥಿಗಳೊಂದಿಗೆ ಪಾಠ ಶುರುವಾಯಿತು. ಬಿಳಿ ಕಂಬಗಳ ಲೈಸಿಯಂ ಕಟ್ಟಡ ಆಗಿನದೇ. ಕಟ್ಟಲು ದುಡಿದವರಲ್ಲಿ ಗುಲಾಮರಿದ್ದರು.

ಆ ಕಾಲದಲ್ಲಿ ವಿಶ್ವವಿದ್ಯಾಲಯದ ಮುಖ್ಯಸ್ಥನಾಗಿದ್ದ ಫ್ರೆಡರಿಕ್ ಬರ್ನಾರ್ಡ್‌ನ ಕಥೆ ಕೇಳಬೇಕು. ಅವನ ಮನೆಯಲ್ಲಿ ಜೇನ್ ಎಂಬ ಗುಲಾಮ ಹೆಂಗಸಿದ್ದಳು. ಒಬ್ಬ ವಿದ್ಯಾರ್ಥಿ ಅವಳ ಮೇಲೆ ಹಲ್ಲೆ ಮಾಡಿದ. ಬರ್ನಾರ್ಡ್ ಅವಳ ಮಾತು ನಂಬಿ ಹುಡುಗನನ್ನು ಹೊರಹಾಕಲು ನೋಡಿದ. ಅಷ್ಟಕ್ಕೇ ಊರು ಅವನ ಮೇಲೆ ತಿರುಗಿಬಿತ್ತು. ಬಿಳಿಯನ ವಿರುದ್ಧ ಗುಲಾಮಳ ಸಾಕ್ಷಿ ಒಪ್ಪುವುದಾ? 1860ರಲ್ಲಿ ಆಡಳಿತ ಮಂಡಳಿ ಬರ್ನಾರ್ಡ್‌ನನ್ನೇ ವಿಚಾರಣೆ ಮಾಡಿ, ಕೊನೆಗೆ ನಿರ್ದೋಷಿ ಅಂದಿತು. ಬರ್ನಾರ್ಡ್ ತಾನೂ ಗುಲಾಮರನ್ನು ಇಟ್ಟುಕೊಂಡವನೇ, ಹಾಗಾಗಿ ಅವನನ್ನು ಹೀರೋ ಮಾಡುವ ಅಗತ್ಯವಿಲ್ಲ.

ಇದೇ ಬರ್ನಾರ್ಡ್ ಖಗೋಳ ವೀಕ್ಷಣಾಲಯ ಕಟ್ಟಿಸಿ, ಅದರ ದೂರದರ್ಶಕಕ್ಕೆ ಹದಿನೆಂಟೂವರೆ ಇಂಚಿನ ಮಸೂರದ ಆರ್ಡರ್ ಕೊಟ್ಟಿದ್ದ. ಅಷ್ಟರಲ್ಲಿ ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ನಡುವೆ ಅಂತರ್ಯುದ್ಧ ಬಂತು, ಮಸೂರ ಉತ್ತರದಲ್ಲೇ ಉಳಿಯಿತು. 1862ರ ಜನವರಿಯಲ್ಲಿ ಅದನ್ನು ಪರೀಕ್ಷಿಸುತ್ತಿದ್ದ ಮಸೂರ ತಯಾರಕ ಆಲ್ವನ್ ಗ್ರಹಾಂ ಕ್ಲಾರ್ಕ್‌ಗೆ ಲುಬ್ಧಕ (ಸಿರಿಯಸ್) ನಕ್ಷತ್ರದ ಪಕ್ಕ ಒಂದು ಮಂಕಾದ ಚುಕ್ಕೆ ಕಂಡಿತು. ಅದೇ ಲುಬ್ಧಕದ ಜೊತೆಗಾರ ನಕ್ಷತ್ರ, ಸಿರಿಯಸ್ ಬಿ. ಮಸೂರ ಕೊನೆಗೆ ಶಿಕಾಗೋಗೆ ಹೋಯಿತು. ಆಕ್ಸ್‌ಫರ್ಡ್‌ಗೆ ಕಟ್ಟಡವಷ್ಟೇ ದಕ್ಕಿತು.

ಯುದ್ಧ ಊರನ್ನು ಚೆನ್ನಾಗಿಯೇ ಸುಟ್ಟಿತು. ಹುಡುಗರು ಗುಂಪಾಗಿ ದಕ್ಷಿಣದ ಸೈನ್ಯ ಸೇರಿದರು, ತರಗತಿಗಳು ನಿಂತವು. ಲೈಸಿಯಂ ಆಸ್ಪತ್ರೆಯಾಯಿತು. 1864ರ ಆಗಸ್ಟ್‌ನಲ್ಲಿ ಉತ್ತರದ ಸೈನ್ಯ ಊರ ನಡುವಿನ ಚೌಕಕ್ಕೆ ಬೆಂಕಿ ಇಟ್ಟಿತು. ಈಗಲೂ ಊರಿನವರು ಆ ಚೌಕವನ್ನು ಬರೀ 'ದಿ ಸ್ಕ್ವೇರ್' ಅನ್ನುತ್ತಾರೆ. ಸುತ್ತ ಪುಸ್ತಕದಂಗಡಿ, ಊಟದ ಅಂಗಡಿ, ಮಧ್ಯೆ ಕೋರ್ಟು. ವಿಶ್ವವಿದ್ಯಾಲಯಕ್ಕೆ 'ಓಲ್ ಮಿಸ್' ಅನ್ನುತ್ತಾರೆ. ರಾಜ್ಯದ ಹೆಸರನ್ನು ಮೊಟಕು ಮಾಡಿದ್ದಿರಬೇಕು ಎಂದು ತುಂಬಾ ಜನ ಅಂದುಕೊಳ್ಳುತ್ತಾರೆ. ಆದರೆ ಅದು ಬಂದದ್ದು 1897ರ ವಿದ್ಯಾರ್ಥಿ ವಾರ್ಷಿಕ ಸಂಚಿಕೆಯ ಹೆಸರಿನಿಂದ. ತೋಟದ ಗುಲಾಮರು ಯಜಮಾನಿಯನ್ನು ಹಾಗೆ ಕರೆಯುತ್ತಿದ್ದರು. ಹೆಸರು ಇಂದಿಗೂ ಚಾಲ್ತಿಯಲ್ಲಿದೆ, ಜಗಳವೂ ಇದೆ.

ಕಾಲೇಜ್ ಟೌನ್‌ನಲ್ಲಿ ಕ್ಯಾಂಪಸ್ಸಿನ ಜಗಳ ಊರಿನ ಜಗಳವೂ ಆಗಿಬಿಡುತ್ತದೆ. 1962 ಅದಕ್ಕೆ ಅತಿ ದೊಡ್ಡ ಉದಾಹರಣೆ. ಜೇಮ್ಸ್ ಮೆರೆಡಿತ್ ಎಂಬ ಕಪ್ಪು ಯುವಕ, ವಾಯುಪಡೆಯಲ್ಲಿ ಕೆಲಸ ಮಾಡಿ ಬಂದವನು, ಕೋರ್ಟಿನ ಆದೇಶ ಹಿಡಿದು ಆವರೆಗೆ ಬಿಳಿಯರಿಗಷ್ಟೇ ಮೀಸಲಾಗಿದ್ದ ವಿಶ್ವವಿದ್ಯಾಲಯಕ್ಕೆ ಪ್ರವೇಶ ಕೇಳಿದ. ರಾಜ್ಯಪಾಲ ರಾಸ್ ಬಾರ್ನೆಟ್ ತಾನೇ ಅಡ್ಡ ನಿಂತ. ಸೆಪ್ಟೆಂಬರ್ 30ರ ರಾತ್ರಿ ಲೈಸಿಯಂ ಮುಂದೆ ಗಲಭೆ ಎದ್ದಿತು. ಫ್ರೆಂಚ್ ಪತ್ರಕರ್ತ ಪಾಲ್ ಗಿಹಾರ್ ಮತ್ತು ಸ್ಥಳೀಯ ರೇ ಗಂಟರ್ ಗುಂಡಿಗೆ ಬಲಿಯಾದರು. 160ಕ್ಕೂ ಹೆಚ್ಚು ಫೆಡರಲ್ ಮಾರ್ಷಲ್‌ಗಳಿಗೆ, ಅಂದರೆ ಕೇಂದ್ರ ಸರ್ಕಾರದ ಕಾವಲು ಅಧಿಕಾರಿಗಳಿಗೆ, ಗಾಯವಾಯಿತು. ಅಧ್ಯಕ್ಷ ಕೆನಡಿ ಸೈನ್ಯ ಕಳಿಸಿದರು. ಕೆಲವೇ ದಿನಗಳಲ್ಲಿ ಊರಿನ ಜನಕ್ಕಿಂತ ಸೈನಿಕರೇ ಜಾಸ್ತಿಯಾದರು. ಅಕ್ಟೋಬರ್ 1ರ ಬೆಳಿಗ್ಗೆ ಮೆರೆಡಿತ್ ದಾಖಲಾದ. ಮುಂದಿನ ಆಗಸ್ಟ್‌ನಲ್ಲಿ ಪದವಿ ಪಡೆದ. ಆ ನಡುವಿನ ತಿಂಗಳುಗಳಲ್ಲಿ ಅವನು ಕ್ಲಾಸಿಗೆ ಹೋಗಿದ್ದು ಮಾರ್ಷಲ್‌ಗಳ ಕಾವಲಿನಲ್ಲಿ. 2006ರಲ್ಲಿ ಅವನದೇ ಪ್ರತಿಮೆ ಲೈಸಿಯಂ ಹಿಂದೆ ನಿಂತಿತು. ಲೈಸಿಯಂ ಮುಂದಿದ್ದ, ಅಂತರ್ಯುದ್ಧದ ದಕ್ಷಿಣದ ಸೈನಿಕನ ಪ್ರತಿಮೆ 1906ರದ್ದು. ಅದನ್ನು ಕ್ಯಾಂಪಸ್ಸಿನ ಸ್ಮಶಾನಕ್ಕೆ ಸಾಗಿಸಿದ್ದು 2020ರಲ್ಲಿ. ಅಂದರೆ ಹದಿನಾಲ್ಕು ವರ್ಷ ಎರಡೂ ಒಂದೇ ಕಟ್ಟಡದ ಹಿಂದೆ ಮುಂದೆ ಇದ್ದವು.

ಊರಿಗೂ ವಿದ್ಯಾರ್ಥಿಗಳಿಗೂ ನಡುವಿನ ಈ ಎಳೆದಾಟಕ್ಕೆ ಇಂಗ್ಲಿಷಿನಲ್ಲಿ 'ಟೌನ್ ಅಂಡ್ ಗೌನ್' ಅನ್ನುತ್ತಾರೆ, ಗೌನ್ ಅಂದರೆ ವಿಶ್ವವಿದ್ಯಾಲಯದವರ ನಿಲುವಂಗಿ. ಇವತ್ತಿನ ಆಕ್ಸ್‌ಫರ್ಡ್‌ನಲ್ಲಿ ಅದು ಹೆಚ್ಚಾಗಿ ದುಡ್ಡಿನ ವಿಷಯ. 2020ರ ಜನಗಣತಿಯ ಪ್ರಕಾರ ಊರಿನ ಜನಸಂಖ್ಯೆ 25,416. ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಕೂರಬಲ್ಲವರು ಸುಮಾರು 64,000! ಪಂದ್ಯದ ಶನಿವಾರ 'ದಿ ಗ್ರೋವ್' ಎಂಬ ಮರಗಳ ತೋಪಿನ ತುಂಬಾ ಟೆಂಟು, ಊಟ, ಕೆಲವು ಟೆಂಟುಗಳಲ್ಲಂತೂ ತೂಗುದೀಪ. ಆ ಕೆಲವು ವಾರಾಂತ್ಯಗಳಿಗಾಗಿಯೇ ಹಳೆ ವಿದ್ಯಾರ್ಥಿಗಳು ಸ್ಕ್ವೇರ್ ಹತ್ತಿರ ಮನೆ ಕೊಂಡಿಟ್ಟಿದ್ದಾರೆ. ಉಳಿದ ದಿನ ಅವಕ್ಕೆ ಬೀಗ. ಮನೆ ಬೆಲೆ ಏರಿದೆ, ಅಲ್ಲೇ ಅಡುಗೆ ಮಾಡುವ, ಕಸ ಗುಡಿಸುವ ಜನರಲ್ಲಿ ಎಷ್ಟೋ ಮಂದಿ ಅಕ್ಕಪಕ್ಕದ ಊರುಗಳಿಂದ ಕಾರು ಓಡಿಸಿಕೊಂಡು ಬರುತ್ತಾರೆ.