ಹೋಟೆಲಿನವರಿಗಾಗಿ ಹುಟ್ಟಿದ ಬೀದಿ: ಕಪ್ಪಾಬಾಶಿ

ಟೋಕಿಯೊದ ಉಯೆನೊ ಮತ್ತು ಅಸಾಕುಸಾ ನಡುವಿನ ಒಂದು ಕಟ್ಟಡದ ನೆತ್ತಿಯ ಮೇಲೆ, ಬಿಳಿ ಟೋಪಿ ತೊಟ್ಟ ಬಾಣಸಿಗನ ದೈತ್ಯ ತಲೆ ಕೂತಿದೆ. ಅದು ಕಂಡಿತೆಂದರೆ ಕಪ್ಪಾಬಾಶಿ ಬಂತು. ಸುಮಾರು 800 ಮೀಟರ್ ಬೀದಿ, 170ರಷ್ಟು ಅಂಗಡಿ. ಚಾಕು, ಪಿಂಗಾಣಿ ಬಟ್ಟಲು, ಬಾಗಿಲಿಗೆ ತೂಗುಬಿಡುವ ಬಟ್ಟೆ, ಕೆಂಪು ಕಾಗದದ ದೀಪ, ನೂಡಲ್ಸ್ ಬೇಯಿಸುವ ಹಂಡೆ. ಹೋಟೆಲು ತೆರೆಯುವವನಿಗೆ ದಿನಸಿಯೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಇಲ್ಲೇ ಸಿಗುತ್ತದೆ.

1912ರ ಸುಮಾರಿಗೆ ಶಿನ್‌ಬೊರಿ ಎಂಬ ಹೊಳೆಯ ಎರಡೂ ದಡದಲ್ಲಿ ಹಳೇ ಸಾಮಾನಿನ ವ್ಯಾಪಾರಿಗಳು ಅಂಗಡಿ ಹಾಕಿದರು. ಹೊಳೆ ಮುಚ್ಚಿಹೋಯಿತು, ವ್ಯಾಪಾರ ಉಳಿಯಿತು. ಎರಡನೇ ಮಹಾಯುದ್ಧದ ನಂತರ ಬೀದಿ ಹೆಚ್ಚುಕಡಿಮೆ ಪೂರ್ತಿಯಾಗಿ ಹೋಟೆಲ್ ಸಲಕರಣೆಗೆ ತಿರುಗಿತು. ಇಲ್ಲಿನ ಮೂಲ ಗಿರಾಕಿ ಪ್ರವಾಸಿಯಲ್ಲ, ಹೋಟೆಲಿನವನು. ಹೀಗಾಗಿಯೇ ಸಂಜೆ ಐದು, ಐದೂವರೆಗೆ ಶಟರ್ ಇಳಿಯುತ್ತದೆ, ಭಾನುವಾರ ಹಲವು ಅಂಗಡಿ ತೆರೆಯುವುದಿಲ್ಲ. ವಾರದ ದಿನ ಬೆಳಿಗ್ಗೆ ಹತ್ತರ ಮೇಲೆ ಹೋಗುವುದು ಲೇಸು. ಗಿನ್ಜಾ ಮೆಟ್ರೊ ಮಾರ್ಗದ ತವರಮಾಚಿ ನಿಲ್ದಾಣದಿಂದ ಐದು ನಿಮಿಷದ ನಡಿಗೆ.

ಹೆಸರಿಗೆ ಎರಡು ಕಥೆ. ಒಂದರಲ್ಲಿ ‘ಕಪ್ಪಾ’ ಎಂದರೆ ಮಳೆಯಂಗಿ. ಬಡ ಸಮುರಾಯಿಗಳು ತಾವೇ ಹೊಲಿದ ಮಳೆಯಂಗಿಗಳನ್ನು ಇಲ್ಲಿನ ಸೇತುವೆಯ ಮೇಲೆ ಒಣಗಿಸುತ್ತಿದ್ದರಂತೆ. ‘ಬಾಶಿ’ ಆ ಸೇತುವೆ. ಇನ್ನೊಂದರಲ್ಲಿ ಕಪ್ಪಾ ನೀರಿನ ಭೂತ. ನೆರೆಯ ನೀರು ಹರಿದುಹೋಗಲಿ ಎಂದು ಕಿಹಾಚಿ ಎಂಬ ಮಳೆಯಂಗಿ ವ್ಯಾಪಾರಿ ಸ್ವಂತ ದುಡ್ಡಿನಲ್ಲಿ ಕಾಲುವೆ ತೋಡಿಸಿದಾಗ, ಸುಮಿದಾ ನದಿಯ ಕಪ್ಪಾಗಳು ರಾತ್ರಿ ಬಂದು ಕೈಜೋಡಿಸಿದವಂತೆ. (ನಮ್ಮ ಕಪ್ಪೆಗೂ ಇದಕ್ಕೂ ನಂಟಿಲ್ಲ, ಇಬ್ಬರೂ ನೀರಿನವರು ಅಷ್ಟೆ.) ಬೀದಿಯವರು ಭೂತದ ಕಥೆಯನ್ನೇ ಅಪ್ಪಿಕೊಂಡು, 2003ರಲ್ಲಿ ಚಿನ್ನದ ಬಣ್ಣದ ಕಪ್ಪಾ ಮೂರ್ತಿ ನಿಲ್ಲಿಸಿದರು.

ಹೋಟೆಲಿನ ಗಾಜಿನ ಹಿಂದೆ ಇಡುವ ನಕಲಿ ತಿಂಡಿಗಳೂ ಇಲ್ಲಿನ ಸರಕೇ. ಇವಾಸಾಕಿ ತಾಕಿಜೊ 1932ರಲ್ಲಿ ಓಸಾಕಾದಲ್ಲಿ ಇದನ್ನು ಉದ್ಯಮವಾಗಿ ಶುರುಮಾಡಿದಾಗ ಬಳಸಿದ್ದು ಮೇಣ. ಅದು ಬಿಸಿಲಿಗೆ ಮೆತ್ತಗಾಗಿ ಬಣ್ಣಗೆಡುತ್ತಿತ್ತು, ಹಾಗಾಗಿ ಆಮೇಲೆ ಪ್ಲಾಸ್ಟಿಕ್ ಬಂತು. ಅಸಲಿ ತಿಂಡಿಯಿಂದಲೇ ಸಿಲಿಕೋನ್ ಅಚ್ಚು ತೆಗೆದು, ಎರಕ ಹೊಯ್ದು, ಕೈಯಲ್ಲಿ ಬಣ್ಣ ಹಚ್ಚುತ್ತಾರೆ. ನಕಲಿ ರಾಮೆನ್ (ಸಾರಿನ ನೂಡಲ್ಸ್) ಬಟ್ಟಲಿಗೆ ಅಸಲಿಯ ಹಲವು ಪಟ್ಟು ಬೆಲೆ ಇರುವುದು ಆ ಕೈಗೆಲಸಕ್ಕೆ.

ಹೆಚ್ಚಿನವರು ದುಡ್ಡು ಸುರಿಯುವುದು, ತಪ್ಪುವುದು ಎರಡೂ ಚಾಕುವಿನಲ್ಲಿ. ಹಸಿ ಮೀನು ಕೊಯ್ಯುವ ಯಾನಗಿಬಾಕ್ಕೆ ಒಂದೇ ಮಗ್ಗುಲಲ್ಲಿ ಮಸೆತ. ಬಲಗೈಯವರದು ಎಡಚರಿಗೆ ಒಗ್ಗದು. ಮನೆಯ ತರಕಾರಿಗೆ ಎರಡೂ ಬದಿ ಮಸೆದ, 165ರಿಂದ 180 ಮಿ.ಮೀ. ಅಲಗಿನ ಸಾಂತೊಕು ಸಾಕು. ಹಗಾನೆ ಎಂದರೆ ಕಾರ್ಬನ್ ಉಕ್ಕು: ಅಲಗು ಬಲು ಹರಿತ, ಆದರೆ ನಿಂಬೆ, ಟೊಮೆಟೊ ಹುಳಿಗೆ ಕಪ್ಪಾಗುತ್ತದೆ, ಒರೆಸದೆ ಬಿಟ್ಟರೆ ತುಕ್ಕು ಹಿಡಿಯುತ್ತದೆ. ನಮ್ಮ ಅಡುಗೆಮನೆಗೆ ಸ್ಟೇನ್‌ಲೆಸ್ ವಾಸಿ. ಗಡಸು ಉಕ್ಕು ಬಾಗುವುದಿಲ್ಲ, ಚಕ್ಕೆ ಏಳುತ್ತದೆ. ತೆಂಗಿನಕಾಯಿ, ಮೂಳೆಯ ಹತ್ತಿರ ಒಯ್ಯಬಾರದು. ಜೊತೆಗೆ 1000 ನಂಬರಿನ ಸಾಣೆಕಲ್ಲೊಂದು ಇರಲಿ.

ಚಾಕು ಕಟ್ಟಿಸಿದ ಪೊಟ್ಟಣವನ್ನು ದಾರಿಯಲ್ಲಿ ಬಿಚ್ಚಬೇಡಿ. ಸಕಾರಣವಿಲ್ಲದೆ 6 ಸೆಂ.ಮೀ. ಮೀರಿದ ಅಲಗು ಒಯ್ಯುವುದು ಜಪಾನಿನಲ್ಲಿ ಅಪರಾಧ. ವಿಮಾನದಲ್ಲಿ ಚೆಕ್‌ಇನ್ ಲಗೇಜಿಗೇ ಹಾಕಬೇಕು. ಜಪಾನಿನ ಮನೆಗಳಿಗೆಂದು ಮಾಡಿದ ರೈಸ್ ಕುಕ್ಕರಿನ ಆಸೆಯನ್ನಂತೂ ಅಲ್ಲೇ ಬಿಡಿ: ಅದು 100 ವೋಲ್ಟಿನದು, ನಮ್ಮ 230ಕ್ಕೆ ಚುಚ್ಚಿದರೆ ಸುಟ್ಟುಹೋಗುತ್ತದೆ.