ನಾಯಿಯ ಕಿವಿ ನಾರುತ್ತಿದೆ, ಉಳಿದ ಮಾತ್ರೆ ಕೊಡಬಹುದಾ?

ಪ್ರಶ್ನೆ: ನಮ್ಮ ಲ್ಯಾಬ್ರಡಾರ್ ಒಂದು ವಾರದಿಂದ ಕಿವಿ ಕೆರೆದುಕೊಳ್ಳುತ್ತಿದೆ, ತಲೆ ಕೊಡವುತ್ತಿದೆ, ಕಿವಿ ನಾರುತ್ತಿದೆ. ಹೋದ ಸಲದ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಮಾತ್ರೆ ಆರು ಉಳಿದಿವೆ. ಅವನ್ನೇ ಕೊಟ್ಟರೆ ಆಗುತ್ತಾ?
– ವಿದ್ಯಾನಗರ, ದಾವಣಗೆರೆ

ಉತ್ತರ: ಬೇಡ. ಕಿವಿಯೊಳಗೆ ಏನಿದೆ ಎಂದು ಇನ್ನೂ ಯಾರೂ ನೋಡಿಲ್ಲ. ನಾಯಿಗಳ ಕಿವಿಯಲ್ಲಿ ಮಲಸೀಜಿಯಾ ಎಂಬ ಯೀಸ್ಟ್ (ಒಂದು ಬಗೆಯ ಶಿಲೀಂಧ್ರ) ಹೆಚ್ಚುವುದು ಬಹಳ ಸಾಮಾನ್ಯ. ಕಂದು ಜಿಡ್ಡು, ಹುಳಿ ವಾಸನೆ ಇದ್ದರೆ ಮೊದಲ ಅನುಮಾನ ಅದರ ಮೇಲೆಯೇ. ಅದಕ್ಕೆ ನಿಮ್ಮ ಮಾತ್ರೆಯಂಥ ಆ್ಯಂಟಿಬಯೋಟಿಕ್ ನಾಟುವುದಿಲ್ಲ. ಸುಮ್ಮನೆ ಕೊಟ್ಟರೆ ಕರುಳಿನ ಬ್ಯಾಕ್ಟೀರಿಯಾಗಳು ಆ ಔಷಧಕ್ಕೆ ಪಳಗಿ, ಮುಂದೆ ಅದಕ್ಕೆ ಜಗ್ಗದಂತಾಗಬಹುದು.

ಪರೀಕ್ಷೆ ದೊಡ್ಡದೇನಲ್ಲ. ಹತ್ತಿಕಡ್ಡಿಯಲ್ಲಿ ಕೊಳೆ ತೆಗೆದು ಗಾಜಿನ ಸ್ಲೈಡ್ ಮೇಲೆ ಉರುಳಿಸುತ್ತಾರೆ (ಉಜ್ಜಿದರೆ ಜೀವಕೋಶಗಳು ಒಡೆಯುತ್ತವೆ), ಬಣ್ಣ ಹಾಕಿ 1,000 ಪಟ್ಟು ಹಿಗ್ಗಿಸಿ ನೋಡುತ್ತಾರೆ. ಚಳ್ಳಕೆರೆ ಕಡೆ ಶೇಂಗಾ ಬಿಡಿಸಿದವರಿಗೆ ಯೀಸ್ಟ್ ಗುರುತಿಸಲು ಕಷ್ಟವಿಲ್ಲ: ಎರಡು ಬೀಜದ ಕಾಯಿಯ ಹಾಗೆ ನಡು ಸಣ್ಣಗಿರುತ್ತದೆ. ದುಂಡು ಚುಕ್ಕೆಗಳ ಗೊಂಚಲು ಕಂಡರೆ ಹೆಚ್ಚಾಗಿ ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ. ಕಡ್ಡಿಯಂಥವು ಕಂಡರೆ ಸೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ಇರಬಹುದು, ಆಗ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ಯಾವ ಔಷಧ ನಾಟುತ್ತದೆ ಎಂದು ನೋಡುವ ಪರೀಕ್ಷೆ) ಮಾಡಿಸಲೇಬೇಕು. ಸೂಡೊಮೊನಾಸ್‌ಗೆ ನಿಮ್ಮ ಆ ಮಾತ್ರೆ ಮೊದಲಿಂದಲೂ ಲೆಕ್ಕಕ್ಕಿಲ್ಲ. ಊರಲ್ಲಿ ಕಲ್ಚರ್ ಆಗದಿದ್ದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಫೋನ್ ಮಾಡಿ ವಿಚಾರಿಸಿ.

ಬ್ಯಾಕ್ಟೀರಿಯಾವೇ ಆದರೂ ಹೊರಕಿವಿಯ ಸೋಂಕಿಗೆ ಮಾತ್ರೆ ಬೇಕಾಗುವುದು ಅಪರೂಪ. ನುಂಗಿದ ಔಷಧ ಕಿವಿನಾಳಕ್ಕೆ ತಲುಪುವುದು ಅಷ್ಟಕ್ಕಷ್ಟೆ; ಹನಿ ಹಾಕಿದರೆ ನೇರ ಅಲ್ಲಿಗೇ ಬೀಳುತ್ತದೆ. ಆದರೆ ಮೊದಲು ಓಟೋಸ್ಕೋಪ್ (ಕಿವಿಯೊಳಗೆ ನೋಡುವ ದೀಪದ ಉಪಕರಣ) ಹಾಕಿ ಕಿವಿತಮಟೆ ನೋಡಬೇಕು. ತಮಟೆ ಹರಿದಿದ್ದಾಗ ಜೆಂಟಾಮೈಸಿನ್ ಇರುವ ಹನಿ ಬಿದ್ದರೆ ಕಿವುಡಾಗುವ ಅಪಾಯವಿದೆ. ಮೆಡಿಕಲ್ ಶಾಪ್‌ನಲ್ಲಿ ಕೇಳಿ ಹನಿ ತರುವುದೂ ಬೇಡ ಎನ್ನುವುದು ಇದಕ್ಕೇ.

ವೈದ್ಯರ ಹತ್ತಿರ ಹೋಗುವ ಮುನ್ನ ಎರಡು ದಿನ ಕಿವಿ ತೊಳೆಯಬೇಡಿ, ಸ್ಯಾಂಪಲ್ ಸಿಗುವುದಿಲ್ಲ. ಬೆಳ್ಳುಳ್ಳಿ ಕಾಯಿಸಿದ ಎಣ್ಣೆಯನ್ನೂ ಕಿವಿಗೆ ಹಾಕಬೇಡಿ. ನಾಳ ಇಂಗ್ಲಿಷ್ 'ಎಲ್' ಆಕಾರದಲ್ಲಿ ತಿರುಗುವುದರಿಂದ ಮನೆಯ ಹತ್ತಿಕಡ್ಡಿ ಕೊಳೆಯನ್ನು ತಿರುವಿನ ಆಚೆಗೇ ನೂಕುತ್ತದೆ.

ಹನಿ ಬರೆದುಕೊಟ್ಟರೆ ಹೇಳಿದಷ್ಟೂ ಹಾಕಿ, ಕಿವಿಯ ಬುಡವನ್ನು ಅರ್ಧ ನಿಮಿಷ ಹಿಸುಕಿ. ಪಚಪಚ ಸದ್ದು ಬಂದರೆ ಔಷಧ ಒಳಗಿಳಿದಿದೆ. ವಾಸನೆ ಹೋಯಿತೆಂದು ನಿಲ್ಲಿಸಬೇಡಿ. ಹೇಳಿದ ದಿನ ಮತ್ತೆ ಸ್ಲೈಡ್ ನೋಡಿಸಿ. ಮೂರು ತಿಂಗಳಿಗೊಮ್ಮೆ ಇದೇ ಮರುಕಳಿಸುತ್ತಿದ್ದರೆ ಹೊಸ ಹನಿ ಹುಡುಕುವ ಬದಲು ಅಲರ್ಜಿಯ ಬಗ್ಗೆ ಕೇಳಿ. ಪಾದ ನೆಕ್ಕುವುದೂ ಅಲರ್ಜಿಯ ಸುಳಿವಿರಬಹುದು, ಅದನ್ನೂ ವೈದ್ಯರಿಗೆ ತಿಳಿಸಿ.